ಅವ್ವನ ಆರಾಮದ ಮೇಲೊಂದು ಅನುಮಾನ

ಮೊನ್ನೆ ಅಡುಗೆಮನೆಯ ಮೇಲಿನ ಕಪಾಟು ಒರೆಸುತ್ತಿದ್ದೆ. ಹಳೆಯ ಕುಕ್ಕರಿನ ಹಿಂದಿನಿಂದ ಒಂದು ಲಟ್ಟಣಿಗೆ ಉರುಳಿ ಬಂದು ನೇರವಾಗಿ ನನ್ನ ಕಾಲ್ಬೆರಳ ಮೇಲೆ ಬಿತ್ತು. ಬೆರಳು ಹಿಡಿದುಕೊಂಡು ಕೂತಾಗ ನೆನಪಾಯಿತು, ಇದು ನನ್ನದಲ್ಲ. ಇದೇ ಮುಂಬೈಯ ಸಯನ್‌ನಲ್ಲಿ ಅವ್ವ ಇರುವ ಒಂದೇ ಕೋಣೆಯ ಖೋಲಿಯಿಂದ ನಾನೇ ಜಪ್ತಿ ಮಾಡಿ ಬೊರಿವಲಿಯ ನನ್ನ ಮನೆಗೆ ತಂದದ್ದು. ಜಪ್ತಿ ಎಂಬ ಮಾತು ಹಡೆದ ತಾಯಿಯ ಸಾಮಾನಿಗೆ ಸಲ್ಲದು ಎಂದು ನಿಮಗನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ವಿಮಾ ಕಂಪನಿಯ ಮೋಟಾರು ಕ್ಲೇಮು ವಿಭಾಗದಲ್ಲಿ ಕೂತು ಕೂದಲು ಬೆಳ್ಳಗೆ ಮಾಡಿಕೊಂಡವಳು ನಾನು. ನಿಂತ ಗಾಡಿಗೆ ಎಮ್ಮೆ ಬಂದು ಗುದ್ದಿತು ಎಂದು ಹೇಳಿಕೊಂಡು ಬರುವವರ ಮುಖ ನೋಡುವುದೇ ನನ್ನ ಕೆಲಸ. ಅನುಮಾನ ಪಡುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಅದನ್ನು ಸಂಜೆ ಆಫೀಸಿನಲ್ಲೇ ಬಿಟ್ಟು ಬಾ ಎಂದರೆ ಬರುವುದಿಲ್ಲ, ನನ್ನ ಜೊತೆ ಅದೂ ಲೋಕಲ್ ರೈಲು ಹತ್ತಿ ಮನೆಗೆ ಬರುತ್ತದೆ.

ಜೋಳದ ರೊಟ್ಟಿ ಮಾಡುವ ಮನೆಯಲ್ಲಿ ಲಟ್ಟಣಿಗೆ ಇದ್ದರೆ ಏನಾಯಿತು ಎಂದು ಕೇಳುವವರು ವಿಜಾಪುರದ ಕಡೆಯವರಾಗಿರಲಿಕ್ಕಿಲ್ಲ. ಚಪಾತಿ ಲಟ್ಟಿಸುವುದು, ರೊಟ್ಟಿ ಬಡಿಯುವುದು. ಕುದಿಯುವ ನೀರು ಹಾಕಿ ನಾದಿದ ಹಿಟ್ಟನ್ನು ಪರಾತವೆಂಬ ದೊಡ್ಡ ಹರಿವಾಣದಲ್ಲಿಟ್ಟು, ಅಂಗೈಯಿಂದ ಬಡಿಯುತ್ತ, ಬಡಿಯುತ್ತಲೇ ತಿರುಗಿಸುತ್ತ, ಅದು ಪರಾತದ ಅಂಚು ಮುಟ್ಟುವಷ್ಟು ಅಗಲ ಮಾಡಬೇಕು. ನೋಡುವವರಿಗೆ ಕೈ ಬಡಿಯುತ್ತಿದೆ ಎಂದು ಕಾಣುತ್ತದೆ. ಬಲ ಬರುವುದು ಹೆಗಲಿನಿಂದ, ಹೆಗಲಿಗೆ ಬರುವುದು ಎದೆಯಿಂದ. ಈಗಿನವರು ಲಟ್ಟಿಸುತ್ತಾರೆ ಬಿಡಿ, ನಾನೂ ಲಟ್ಟಿಸುವವಳೇ. ನಾನು ಬಡಿದ ರೊಟ್ಟಿ ತವಾದ ತನಕ ಹೋಗುವುದರೊಳಗೆ ಎರಡಾಗುತ್ತದೆ. ಆದರೆ ಅವ್ವನ ಲೆಕ್ಕದಲ್ಲಿ ಲಟ್ಟಿಸಿದ್ದು ರೊಟ್ಟಿಯೇ ಅಲ್ಲ, ಚಪಾತಿಯ ಬಡ ನೆಂಟ.

ನಾನು ಹುಟ್ಟಿ ಬೆಳೆದ ಸಯನ್‌ನ ಚಾಳೆಂಬ ವಠಾರದಲ್ಲಿ ಬೆಳಗಾಗುತ್ತಿದ್ದದ್ದು ಅವ್ವನ ರೊಟ್ಟಿಯ ಸಪ್ಪಳಕ್ಕೆ. ಅಪ್ಪ ಗೋದಾಮಿನಲ್ಲಿ ಹಮಾಲಿ ಮಾಡುತ್ತಿದ್ದವನು ನಾನು ಏಳನೇ ಇಯತ್ತೆಯಲ್ಲಿದ್ದಾಗ ತೀರಿಕೊಂಡ. ಆಮೇಲೆ ಮನೆ ನಡೆದದ್ದು ಆ ಸಪ್ಪಳದ ಮೇಲೆಯೇ. ಸಯನ್, ಮಾಟುಂಗಾದ ಸುತ್ತಮುತ್ತ ನಮ್ಮ ಕಡೆಯ ಸಂಸಾರಗಳು, ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಬೆಳಗಾವಿ, ಧಾರವಾಡದ ಒಂಟಿ ಗಂಡಸರು, ಎಲ್ಲರಿಗೂ ಅವ್ವನ ರೊಟ್ಟಿ ಹೋಗುತ್ತಿತ್ತು. ಶಾಲೆಗೆ ಹೋಗುವ ದಾರಿಯಲ್ಲಿ ಹಂಚುತ್ತಿದ್ದವಳು ನಾನು. ಬಟ್ಟೆಯಲ್ಲಿ ಸುತ್ತಿದ ರೊಟ್ಟಿ ಪಾಟಿಚೀಲದ ಪಕ್ಕ ಇರುತ್ತಿದ್ದದ್ದರಿಂದ ನನ್ನ ಪುಸ್ತಕಗಳು ಒಂದು ಬದಿಗೆ ಬೆಚ್ಚಗಿರುತ್ತಿದ್ದವು. ಒಲೆಯ ಬಳಿ ಕೂತು, ಅವ್ವ ಬಡಿಯುವ ತಾಳಕ್ಕೆ ಮಗ್ಗಿ ಹೇಳುತ್ತಿದ್ದೆ, ಎಲ್ಲಿಯೂ ತಪ್ಪುತ್ತಿರಲಿಲ್ಲ. ಶಾಲೆಯಲ್ಲಿ ಹಲಗೆಯ ಮುಂದೆ ನಿಲ್ಲಿಸಿ ಕೇಳಿದರೆ ಮಾತ್ರ, ಆ ಸಪ್ಪಳವಿಲ್ಲದೆ, ಹದಿಮೂರರ ಮಗ್ಗಿ ಅರ್ಧಕ್ಕೇ ನಿಂತುಬಿಡುತ್ತಿತ್ತು. ಮಾಸ್ತರರು ನನ್ನನ್ನು ದಡ್ಡಿ ಎಂದುಕೊಂಡಿದ್ದರು. ಪರಾತ ತಂದುಕೊಟ್ಟಿದ್ದರೆ ತೋರಿಸುತ್ತಿದ್ದೆ.

ನಮ್ಮ ವಂಶದಲ್ಲಿ ಪದವಿ ಎಂದು ಪಡೆದವಳು ನಾನೇ ಮೊದಲು. ಇದನ್ನು ನಾನು ಮೆಲ್ಲಗೆ ಹೇಳುವುದಿಲ್ಲ. ಹಗಲೆಲ್ಲ ಬಟ್ಟೆ ಅಂಗಡಿಯಲ್ಲಿ ಬಿಲ್ಲು ಬರೆದು, ಸಂಜೆ ಕಾಲೇಜಿಗೆ ಹೋಗಿ, ನಿದ್ದೆಯ ಜೊತೆ ಗುದ್ದಾಡಿ ಬಿ.ಕಾಂ. ಮಾಡಿದವಳು. ಕರಿಯ ನಿಲುವಂಗಿ ಬಾಡಿಗೆಗೆ ತಂದು ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಂಡಾಗ ಅವ್ವನನ್ನೂ ಪಕ್ಕಕ್ಕೆ ನಿಲ್ಲಿಸಿಕೊಂಡಿದ್ದೆ. ಕೈಗೆ ಹತ್ತಿದ ಹಿಟ್ಟು ಒರೆಸಿಕೊಳ್ಳಿ ಎಂದು ಫೋಟೋದವನು ಮರಾಠಿಯಲ್ಲಿ ಹೇಳಿದ. ಅವ್ವ ಒರೆಸಿಕೊಳ್ಳಲಿಲ್ಲ, ಅದೂ ಬರಲಿ ಬಿಡು ಎಂದಳು. ಬಂದಿದೆ.

ಓದಿದ್ದರಿಂದ ನನಗೆ ಅಂಟಿದ ಒಂದು ಕಾಯಿಲೆ ಎಂದರೆ ಯಾರು ಏನು ಹೇಳಿದರೂ ಆಧಾರ ಕೇಳುವುದು. ಮದುವೆಗೆ ನೋಡಲು ಬಂದ ಹುಡುಗನಿಗೂ ಕೇಳಿದ್ದೆ. ಅವನು ನಕ್ಕ, ಅದಕ್ಕೇ ಒಪ್ಪಿದೆ.

ಇಷ್ಟು ಹುಷಾರಿನವಳ ಕಣ್ಣಿಗೂ ಹಡೆದವಳು ಮಣ್ಣೆರಚುತ್ತಿದ್ದಳು ನೋಡಿ. ಹೋದ ವರ್ಷ ಒಂದು ಭಾನುವಾರ ಸಯನ್‌ಗೆ ಹೋಗಿದ್ದೆ. ನಾನು ಎಷ್ಟು ಕರೆದರೂ ಬೊರಿವಲಿಗೆ ಬಂದು ಇರದೆ, ಎಂಬತ್ತರ ಹತ್ತಿರ ಬಂದರೂ ಅದೇ ಖೋಲಿಯಲ್ಲಿ, ನಾಲ್ಕು ಹಳೆಯ ಗಿರಾಕಿಗಳಿಗೆ ರೊಟ್ಟಿ ಮಾಡಿಕೊಂಡು ಇದ್ದವಳು ಅವ್ವ. ತಟ್ಟೆಗೆ ಬಡಿಸಿದ ರೊಟ್ಟಿ ಕೈಗೆತ್ತಿಕೊಂಡೆ. ಅಂಚು ನಯವಾಗಿತ್ತು. ಬಡಿದ ರೊಟ್ಟಿಯ ಅಂಚಿನಲ್ಲಿ ಸಣ್ಣ ಸಣ್ಣ ಸೀಳುಗಳಿರುತ್ತವೆ, ಬೆಳಕಿಗೆ ಹಿಡಿದರೆ ಬೆರಳಿನ ಗುರುತು ಕಾಣುತ್ತದೆ. ಇದನ್ನು ಕಿಟಕಿಗೆ ಹಿಡಿದು ನೋಡಿದೆ. ಒಂದು ಗುರುತೂ ಇಲ್ಲ, ನುಣ್ಣಗೆ, ಕಾಗದದ ಹಾಗೆ. ಹಿಟ್ಟು ಛಲೋ ಬಂದದ ಈ ಸಲ ಎಂದಳು ಅವ್ವ, ನಾನು ಕೇಳುವ ಮೊದಲೇ. ಕೇಳುವ ಮೊದಲೇ ಉತ್ತರ ಕೊಡುವವರನ್ನು ನಾನು ದಿನಾ ನೋಡುತ್ತೇನೆ. ಅವಳು ನೀರಿಗೆ ಹೋದಾಗ ಅಕ್ಕಿ ಡಬ್ಬಿಯ ಹಿಂದೆ ಕೈ ಹಾಕಿದೆ. ಲಟ್ಟಣಿಗೆ ಸಿಕ್ಕಿತು.

ನನಗೆ ಬಂದದ್ದು ಸಿಟ್ಟು. ಇಷ್ಟು ವರ್ಷ ನಂಬಿ ತಿಂದವರಿಗೆ ಲಟ್ಟಿಸಿದ್ದನ್ನು ಕೊಡುತ್ತೀಯಲ್ಲ ಎಂದು ಕೇಳುವವಳಿದ್ದೆ. ಕೇಳುವ ಮೊದಲೇ ಖೋಲಿಗಳ ಮುಂದಿನ ಉದ್ದ ಗ್ಯಾಲರಿಯಿಂದ ಪಕ್ಕದ ಮನೆಯ ಗಿರಿಜಕ್ಕ ನನ್ನನ್ನು ಕೈಸನ್ನೆ ಮಾಡಿ ಕರೆದರು. ಗಿರಿಜಕ್ಕ ಉಡುಪಿಯ ಕಡೆಯವರು, ಅವರ ಗಂಡ ಹೋಟೆಲಿನಲ್ಲಿ ಮ್ಯಾನೇಜರಾಗಿದ್ದವರು, ನಾನು ಲಂಗ ಹಾಕುತ್ತಿದ್ದ ಕಾಲದಿಂದ ನನ್ನನ್ನು ಬಲ್ಲವರು.

"ನಿನಗೆ ಹೇಳ್ಬಾರ್ದು ಅಂತ ನಿನ್ನ ಅಮ್ಮ ಆಣೆ ಹಾಕಿಸಿದ್ದಾರೆ ಮಾರಾಯ್ತಿ," ಎಂದರು. "ಅವರಿಗೆ ಕೂತು ಬಡೀಲಿಕ್ಕೆ ಆಗುದಿಲ್ಲ. ಎರಡು ಬಡಿದ್ರೆ ದಮ್ಮು ಕಟ್ತದೆ. ಮೆಟ್ಟಿಲು ಹತ್ತುವಾಗ ಪ್ರತೀ ಮಾಳಿಗೆಯಲ್ಲಿ ನಿಂತು ಎಲ್ಲರ ಮಕ್ಕಳ ಸುದ್ದಿ ಕೇಳ್ತಾರಲ್ಲ, ಅದು ಸುದ್ದಿ ಕೇಳ್ಲಿಕ್ಕೆ ಅಲ್ಲ."

ಲಟ್ಟಣಿಗೆಯನ್ನು ಚೀಲಕ್ಕೆ ಹಾಕಿಕೊಂಡೆ. ಮರುದಿನವೇ ಅವ್ವನನ್ನು ಆಸ್ಪತ್ರೆಗೆ ಕರೆದೊಯ್ದೆ. ಹೇಗಿದ್ದೀರಿ ಎಂದು ಡಾಕ್ಟರು ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರ, "ಆರಾಮ ಅದೀನ್ರಿ." ಆ ಮಾತನ್ನು ಅವಳು ಜನ್ಮವಿಡೀ ಆಡಿದ್ದಾಳೆ. ಅಪ್ಪ ತೀರಿಕೊಂಡ ವಾರ ಊರಿನಿಂದ ಬಂದವರಿಗೂ ಆರಾಮ ಎಂದೇ ಹೇಳಿದ್ದಳು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿದರು, ಆ ಮಾತಿಗೂ ಎದೆಯ ಸಪ್ಪಳಕ್ಕೂ ತಾಳೆಯಾಗಲಿಲ್ಲ. ಎಕೋ ಎಂದು ಎದೆಯ ಸ್ಕ್ಯಾನು ಮಾಡಿಸಿದರು. ಹೃದಯದಿಂದ ಮೈಗೆಲ್ಲ ರಕ್ತ ಹೋಗುವ ದೊಡ್ಡ ಬಾಗಿಲಿನ ಕವಾಟ ಸುಣ್ಣಗಟ್ಟಿ ಬಿಗಿದುಹೋಗಿದೆ, ಸಂದಿಯಷ್ಟೇ ತೆರೆಯುತ್ತಿದೆ ಎಂದರು. ಹೀಗೇ ಬಿಟ್ಟರೆ ಒಂದು ದಿನ ಮೆಟ್ಟಿಲ ಮೇಲೆಯೇ ಕುಸಿಯಬಹುದು. ಈ ವಯಸ್ಸಿಗೆ ಎದೆ ತೆರೆಯುವುದು ಬೇಡ, ತೊಡೆಯ ನಾಳದಿಂದ ತಂತಿಯ ಮೇಲೆ ಮಡಿಚಿದ ಹೊಸ ಕವಾಟ ಕಳಿಸಿ ಅಲ್ಲೇ ಅರಳಿಸುತ್ತೇವೆ ಎಂದು ಮೊಬೈಲಿನಲ್ಲಿ ಚಿತ್ರ ತೋರಿಸಿದರು. ಚಿತ್ರದಲ್ಲಿ ಎಲ್ಲ ಸಲೀಸು. ಗಾಡಿ ರಿಪೇರಿಯ ಚಿತ್ರಗಳೂ ಹಾಗೇ ಇರುತ್ತವೆ.

ಹಳೆಯ ಕವಾಟವನ್ನು ಎಲ್ಲಿಂದ ಹೊರಗೆ ತೆಗೆಯುತ್ತೀರಿ ಎಂದು ಕೇಳಿದೆ. ತೆಗೆಯುವುದಿಲ್ಲ, ಅದನ್ನು ಗೋಡೆಗೆ ಒತ್ತಿ ಅದರೊಳಗೇ ಹೊಸದನ್ನು ಕೂರಿಸುತ್ತೇವೆ ಎಂದರು. ನನಗೆ ಆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ನಮ್ಮ ಆಫೀಸಿನಲ್ಲಿ ಹೊಸ ಪಾರ್ಟಿನ ಬಿಲ್ಲು ತಂದವರು ಮುರಿದ ಹಳೆಯ ಪಾರ್ಟನ್ನು ಮೇಜಿನ ಮೇಲಿಡಬೇಕು. ಇಡದಿದ್ದರೆ ಬಿಲ್ಲು ವಾಪಸು. ಇಲ್ಲಿ ನೋಡಿದರೆ ಹಳೆಯದು ಒಳಗೇ ಇರುತ್ತದೆ, ಹೊಸದು ಕಣ್ಣಿಗೆ ಕಾಣುವುದಿಲ್ಲ, ಗಾಯ ಇರುವುದು ತೊಡೆಯಲ್ಲಿ, ರೋಗ ಎದೆಯಲ್ಲಿ. ನಾನು ಕೇಳುತ್ತಲೇ ಹೋದೆ. ಬಡಿತ ನಿಧಾನವಾಗಿ ಕೆಲವರಿಗೆ ಪೇಸ್‌ಮೇಕರ್ ಬೇಕಾಗುತ್ತದೆ, ಕೆಲವರಿಗೆ ಲಕ್ವ ಹೊಡೆಯುವ ಅಪಾಯವಿದೆ, ಬಹಳಷ್ಟು ಮಂದಿ ಬೇಗ ಎದ್ದು ಓಡಾಡುತ್ತಾರೆ ಎಂದು ಡಾಕ್ಟರು ಸಮಾಧಾನದಿಂದಲೇ ಹೇಳಿದರು. ಬಹಳಷ್ಟು ಎಂದರೆ ಎಷ್ಟು, ಎದ್ದು ಓಡಾಡುತ್ತಾರೆ ಎಂದು ಹೇಳಿದವರು ಯಾರು ಎಂದೆ. ಪೇಶಂಟುಗಳೇ ಹೇಳುತ್ತಾರೆ, ನಾವು ಫೋನ್ ಮಾಡಿ ವಿಚಾರಿಸುತ್ತೇವೆ ಎಂದರು.

ಹೊಸ ಕವಾಟ ಯಾತರದ್ದು ಎಂದು ಕೊನೆಗೆ ಕೇಳಿದೆ. ಪ್ರಾಣಿಯೊಂದರ ಹೃದಯದ ಪೊರೆಯಿಂದ ಮಾಡಿದ್ದು ಎಂದರು. ಮೊಟ್ಟೆಯನ್ನೂ ಮನೆಯೊಳಗೆ ಬಿಟ್ಟುಕೊಳ್ಳದ ಅವ್ವ ಪಕ್ಕದಲ್ಲೇ ಕೂತಿದ್ದಳು. ಹಿಂದಿ ಅವಳಿಗೆ ಚೆನ್ನಾಗಿ ತಿಳಿಯುತ್ತದೆ. ನಾನು ಮುಂದಿನ ಪ್ರಶ್ನೆಗೆ ಬಾಯಿ ತೆರೆಯುವುದರೊಳಗೆ ನನ್ನ ಮೊಣಕೈ ಹಿಡಿದಳು.

"ಯಾವ ಪ್ರಾಣಿ ಅಂತ ಕೇಳಬ್ಯಾಡ. ಕೇಳಿದ್ರ ಗೊತ್ತಾಗತೈತಿ."

ನನ್ನ ಜೀವಮಾನದಲ್ಲಿ ಕೇಳದೆ ಬಿಟ್ಟ ಪ್ರಶ್ನೆ ಅದೊಂದೇ ಇರಬೇಕು.

ಆಪರೇಷನ್ ಆಯಿತು. ಹೊರಗೆ ಕೂತು ಒಂದು ಚಹಾ ತಣ್ಣಗಾಗುವಷ್ಟರಲ್ಲಿ ಮುಗಿಯಿತೇನೋ ಎನ್ನಿಸಿತು. ಒಳಗೆ ಹೋದರೆ ಅವ್ವ ಎಚ್ಚರವಿದ್ದಳು. ಊಟ ಮಾಡಿದೆಯಾ ಎಂದು ನನ್ನನ್ನೇ ಕೇಳಿದಳು. ಮರುದಿನ ಎದ್ದು ಬಚ್ಚಲಿಗೆ ನಡೆದಳು. ಕೆಲವೇ ದಿನಕ್ಕೆ ಮನೆಗೆ ಕಳಿಸಿದರು. ಇಷ್ಟು ಸುಲಭವಾಗಿ ಯಾವುದಾದರೂ ಆದರೆ ನಾನು ಬಿಲ್ಲನ್ನು ಇನ್ನೊಮ್ಮೆ ತಿರುವಿ ನೋಡುತ್ತೇನೆ. ನನಗೆ ಪದವಿ ಸುಲಭವಾಗಿ ಬಂದಿಲ್ಲ, ಮನೆ ಸುಲಭವಾಗಿ ಬಂದಿಲ್ಲ, ವಿರಾರ್ ಲೋಕಲ್‌ನಲ್ಲಿ ನಿಲ್ಲಲು ಜಾಗವೂ ಸುಲಭವಾಗಿ ಸಿಕ್ಕಿಲ್ಲ. ಹೃದಯದ ಬಾಗಿಲು ಇಷ್ಟು ಸುಲಭವಾಗಿ ಬದಲಾಗುತ್ತದೆ ಎಂದರೆ ಹೇಗೆ ನಂಬಲಿ?

ಬಿಡುಗಡೆಯ ದಿನ ಡಾಕ್ಟರು ಇನ್ನೊಂದು ಮಾತು ಹೇಳಿದರು. ಹೊಸ ಕವಾಟದ ಪಕ್ಕದಿಂದ ಒಂಚೂರು ಲೀಕೇಜ್ ಇದೆ, ಬಹಳ ಜನರಿಗೆ ಇರುತ್ತದೆ, ಚಿಂತೆ ಬೇಡ. ಮುಂಬೈಯಲ್ಲಿ ಮನೆ ಮಾಡಿದ ಯಾರಿಗಾದರೂ ಕೇಳಿ ನೋಡಿ, ಒಂಚೂರು ಲೀಕೇಜ್, ಚಿಂತೆ ಬೇಡ ಎನ್ನುವ ಮಾತಿನ ಅರ್ಥ ಏನೆಂದು. ನಮ್ಮ ಬಿಲ್ಡಿಂಗಿನ ಸೆಕ್ರೆಟರಿ ಪ್ರತಿ ಮಳೆಗಾಲದ ಮೊದಲು ಇದನ್ನೇ ಹೇಳುತ್ತಾರೆ. ಜುಲೈನಲ್ಲಿ ನಮ್ಮ ಹಾಸಿಗೆಯ ಮೇಲೆ ಬಕೆಟ್ ಇರುತ್ತದೆ.

ಅವ್ವನನ್ನು ಬೊರಿವಲಿಗೆ ಕರೆತಂದೆ. ಅವಳು ಮೊದಲ ದಿನವೇ ಕೇಳಿದ್ದು, ಸಯನ್‌ಗೆ ಯಾವಾಗ. ಅಲ್ಲಿ ಲಿಫ್ಟಿಲ್ಲ, ಖೋಲಿ ಮೂರನೇ ಮಾಳಿಗೆಯಲ್ಲಿ, ಜೊತೆಗೆ ಯಾರೂ ಇಲ್ಲ. ನನಗೆ ನಂಬಿಕೆ ಬಂದ ದಿನ ಕಳಿಸುತ್ತೇನೆ ಎಂದು ಖೋಲಿಯ ಕೀಲಿ ನನ್ನ ಪರ್ಸಿನೊಳಗಿಟ್ಟುಕೊಂಡೆ. ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಆಗಲಿಲ್ಲ. ಹೂಂ ಎಂದು ಸುಮ್ಮನಾದಳು. ಆ ಖೋಲಿ, ಆ ನಾಲ್ಕು ಗಿರಾಕಿಗಳು, ಗ್ಯಾಲರಿಯಲ್ಲಿ ಕೂತು ಆಡುವ ಮಾತು, ಅದೇ ಅವಳ ಬದುಕು ಎಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಆದರೆ ಅದೇ ಮೆಟ್ಟಿಲ ಮೇಲೆ ಅವಳು ಕುಸಿದು ಬೀಳುವ ಚಿತ್ರ ನನ್ನ ಕಣ್ಣಿನೊಳಗೆ ಕೂತುಬಿಟ್ಟಿತ್ತು.

ನೋಡಲು ಬಂದವರು ನನ್ನ ಅನುಮಾನಕ್ಕೆ ಇನ್ನಷ್ಟು ನೀರೆರೆದು ಹೋದರು. ಪವಾಯಿಯ ಬಸಣ್ಣ ಕಾಕಾ ಅಪ್ಪನ ಚಿಕ್ಕಪ್ಪನ ಮಗ, ವರ್ಷಗಳ ಹಿಂದೆ ಬೈಪಾಸ್ ಮಾಡಿಸಿಕೊಂಡವನು. ಗಂಟಲಿನ ಕುಳಿಯಿಂದ ಹೊಟ್ಟೆಯ ತನಕ ಇರುವ ಅವನ ಗುರುತನ್ನು ನೋಡದ ನೆಂಟರಿಲ್ಲ, ಮದುವೆ ಮನೆಯಲ್ಲೂ ಗುಂಡಿ ಬಿಚ್ಚಿ ತೋರಿಸುತ್ತಾನೆ. ಎಳನೀರು ಹಿಡಿದುಕೊಂಡು ಬಂದವನು ಕೂತು, ಎಲ್ಲಿ ವೈನಿ ತೋರಸ್ರಿ ಗಾಯ ಎಂದ. ಎದಿಯಾಗಿಲ್ಲ, ತೊಡಿಯಾಗ ಅದ, ತೋರಸಲೇನು ಎಂದು ಅವ್ವ ಗಂಭೀರವಾಗಿ ಕೇಳಿದಳು. ಕಾಕಾ ಎಳನೀರು ತಾನೇ ಕುಡಿದ. ಹೋಗುವಾಗ ನನ್ನನ್ನು ಲಿಫ್ಟಿನ ಹತ್ತಿರ ನಿಲ್ಲಿಸಿಕೊಂಡು ದನಿ ತಗ್ಗಿಸಿದ.

"ಎದಿ ಮುಟ್ಟಲಾರದ ಎದಿ ಆಪರೇಷನ್ ಎಲ್ಲರ ಕೇಳೀಯೇನ ಕಸ್ತೂರಿ? ನೀ ಕಲತಾಕಿ ಇದ್ದು ಹೆಂಗ ಬಿಟ್ಟಿ?"

ಆ ಮಾತು ನನ್ನ ಒಳಗೆ ಹೋಗಿ ಕೂತಿತು. ಎಕೋ ನಾನೇ ಕಣ್ಣಾರೆ ನೋಡಿದ್ದೆ, ಹೊಸ ಕವಾಟ ತೆರೆದು ಮುಚ್ಚುವುದನ್ನು ಡಾಕ್ಟರು ಬೆರಳಿಟ್ಟು ತೋರಿಸಿದ್ದರು. ಆದರೂ ಪರದೆಯ ಮೇಲೆ ಕಂಡದ್ದು ಅವ್ವನ ಎದೆಯೋ, ಹಿಂದಿನ ಪೇಶಂಟಿನದೋ ಎಂಬ ಮಟ್ಟಕ್ಕೂ ನನ್ನ ತಲೆ ಹೋಯಿತು.

ಒಂದು ತಿಂಗಳಾದ ಮೇಲೆ ಆಸ್ಪತ್ರೆಯಿಂದ ಫೋನು ಬಂತು. ಹೇಳಿದ ಹಾಗೆ ವಿಚಾರಿಸುವ ಫೋನು. ಹುಡುಗಿಯೊಬ್ಬಳು ಹಿಂದಿಯಲ್ಲಿ ಒಂದೊಂದೇ ಕೇಳುತ್ತಿದ್ದಳು. ಅವ್ವ ಸ್ಪೀಕರ್ ಹಾಕಿಸಿಕೊಂಡು, ಸೆರಗು ಸರಿಮಾಡಿಕೊಂಡು, ರೇಡಿಯೋದಲ್ಲಿ ಮಾತಾಡುವವಳಂತೆ ಕೂತಿದ್ದಳು. ಮೆಟ್ಟಿಲು ಹತ್ತುತ್ತೀರಾ? ಹತ್ತುತ್ತೇನೆ. ನಮ್ಮ ಬಿಲ್ಡಿಂಗಿನಲ್ಲಿ ಅವಳು ಲಿಫ್ಟ್ ಬಿಟ್ಟು ಒಂದು ಮೆಟ್ಟಿಲೂ ತುಳಿದಿರಲಿಲ್ಲ. ಮಾರ್ಕೆಟ್ಟಿಗೆ ಹೋಗುತ್ತೀರಾ? ದಿನಾ ಹೋಗುತ್ತೇನೆ. ತರಕಾರಿ ನಾನು ತರುತ್ತಿದ್ದೆ. ದಮ್ಮು ಬರುತ್ತದಾ? ಅದು ಎಂಥದ್ದು ಎಂದೇ ಮರೆತುಹೋಗಿದೆ ಎಂದಳು. ಹುಡುಗಿಗೆ ಬಹಳ ಖುಷಿಯಾಯಿತು, ವೆರಿ ಗುಡ್ ಆಂಟಿ ಎಂದು ಫೋನಿಟ್ಟಳು.

ಅವತ್ತು ನನಗೆ ಹೊಳೆದ ವಿಚಾರ ಹೇಳಿದರೆ ಡಾಕ್ಟರುಗಳು ಬೈಯುತ್ತಾರೆ. ಈ ಹೊಸ ಬಗೆಯ ಆಪರೇಷನ್ ಆದವರು ಎಷ್ಟು ಚೆನ್ನಾಗಿರುತ್ತಾರೆ ಎಂದು ದೊಡ್ಡ ದೊಡ್ಡ ಲೆಕ್ಕಗಳಿವೆಯಲ್ಲ, ಅವುಗಳ ಬುಡದಲ್ಲಿ ಇಂಥ ಎಷ್ಟು ಅವ್ವಂದಿರ ಆರಾಮ ಸೇರಿಕೊಂಡಿರಬಹುದು? ನಮ್ಮಲ್ಲಿ ಮುದುಕಿಯರು ಸತ್ಯ ಹೇಳುವುದು ದೇವರಿಗೆ ಮಾತ್ರ, ಅದೂ ಪೂರ್ತಿಯಲ್ಲ. ಇವರಿಗೆ ಫೋನ್ ಮಾಡಿ ಹೇಗಿದ್ದೀರಿ ಎಂದು ಕೇಳಿ ಲೆಕ್ಕ ಕಟ್ಟುವುದು ಎಂದರೆ, ಗುದ್ದಿದ ಡ್ರೈವರನನ್ನೇ ಕರೆದು ತಪ್ಪು ಯಾರದು ಎಂದು ಕೇಳಿದ ಹಾಗೆ.

ನಾನೇ ಪರೀಕ್ಷೆ ಶುರು ಮಾಡಿದೆ. ಮಧ್ಯಾಹ್ನ ಅವ್ವ ಮಲಗಿದಾಗ ಬಾಗಿಲಲ್ಲಿ ನಿಂತು ಸೆರಗು ಏರಿಳಿಯುವುದನ್ನು ನೋಡಿದೆ. ಸಂಜೆ ಅವಳು ಪಾರ್ಕಿಗೆ ತಿರುಗಾಡಲು ಹೋಗುವಾಗ ನನ್ನ ಮಗಳು ಪಲ್ಲವಿಯನ್ನು ಹಿಂದೆ ಕಳಿಸಿದೆ. ಪಲ್ಲವಿಗೆ ಕನ್ನಡ ತಿಳಿಯುತ್ತದೆ, ಆಡುವಾಗ ಎಡವುತ್ತಾಳೆ. ಬಂದು ಹೇಳಿದಳು, "ಮಮ್ಮಿ, ಅಜ್ಜಿ ಏಕದಂ ಫಸ್ಟ್‌ಕ್ಲಾಸ್ ನಡೀತಾರೆ. ನೀನು ಈ ಸಿಐಡಿಗಿರಿ ಬಂದ್ ಕರ್." ಅವಳ ತುಟಿಯಂಚಿನಲ್ಲಿ ಕುಲ್ಫಿ ಇತ್ತು. ಸಾಕ್ಷಿದಾರರಿಗೆ ತಿನ್ನಿಸಿದ ಮೇಲೆ ಆ ಸಾಕ್ಷಿಗೆ ಬೆಲೆ ಇಲ್ಲ ಎಂದು ಅದನ್ನು ತಳ್ಳಿಹಾಕಿದೆ.

ಒಂದು ಬೆಳಿಗ್ಗೆ ಅವ್ವ ತಾನಾಗಿಯೇ ಜೋಳದ ಹಿಟ್ಟು ತರಿಸಿ ರೊಟ್ಟಿ ಬಡಿದಳು. ಎಷ್ಟೋ ಕಾಲದ ಮೇಲೆ ನನ್ನ ಮನೆಯಲ್ಲಿ ಆ ಸಪ್ಪಳ ಕೇಳಿತು. ನಾನು ಆಫೀಸಿಗೆ ಹೊರಟವಳು ಚಪ್ಪಲಿ ಹಾಕಿಕೊಂಡೇ ಗೋಡೆಗೆ ಕಿವಿಯಿಟ್ಟು ನಿಂತೆ. ಸಪ್ಪಳ ನಡುವೆ ನಿಲ್ಲಲಿಲ್ಲ. ಅಂಚಿನಲ್ಲಿ ಸೀಳುಗಳಿದ್ದವು, ಬೆರಳ ಗುರುತು ಇತ್ತು. ಒಂದು ಗಳಿಗೆ ಕಣ್ಣು ತುಂಬಿತು. ಲೋಕಲ್‌ನಲ್ಲಿ ಕಾಂದಿವಲಿ ದಾಟುವಾಗ ತಲೆ ಮತ್ತೆ ಕೆಲಸ ಮಾಡತೊಡಗಿತು. ನಾನು ಕೇಳಿಸಿಕೊಳ್ಳುತ್ತಿದ್ದೇನೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದು ಬರೆದ ಪರೀಕ್ಷೆ ಪರೀಕ್ಷೆಯಲ್ಲ. ಒಂದು ಬೆಳಿಗ್ಗೆ ಹಲ್ಲು ಕಚ್ಚಿ ಬಡಿಯಬಹುದು, ಸಯನ್‌ನಲ್ಲಿ ಮತ್ತೆ ಲಟ್ಟಿಸಬಹುದು, ಆಮೇಲೆ ಅಂಚನ್ನು ಉಗುರಿನಿಂದ ಸೀಳಲೂಬಹುದು. ನನ್ನನ್ನು ಹೆತ್ತವಳು ಅವಳು. ನನ್ನ ತಲೆ ಬಂದದ್ದು ಎಲ್ಲಿಂದ?

ಕೊನೆಗೆ ಮೂರು ತಿಂಗಳ ತಪಾಸಣೆಯ ದಿನ ಬಂತು. ಆಸ್ಪತ್ರೆ ಇದ್ದದ್ದು ದಾದರ್‌ನ ಪೂರ್ವಕ್ಕೆ. ಟ್ಯಾಕ್ಸಿ ಮಾಡುತ್ತೇನೆ ಎಂದರೆ ಅವ್ವ ಒಪ್ಪಲಿಲ್ಲ, ಲೋಕಲ್‌ನಲ್ಲೇ ಹೋಗೋಣ ಎಂದಳು. ದಾದರ್‌ನಲ್ಲಿ ಇಳಿದು ಸೇತುವೆ ಹತ್ತಬೇಕು. ಆ ಮೆಟ್ಟಿಲ ಮೇಲಿನ ಜನ ನಿಮಗೆ ಗೊತ್ತಲ್ಲ. ಅಲ್ಲಿ ಯಾರೂ ತಾವಾಗಿ ಹತ್ತುವುದಿಲ್ಲ, ಹಿಂದಿನವರು ಹತ್ತಿಸುತ್ತಾರೆ. ಒಳ್ಳೆಯ ಅವಕಾಶ ಎಂದುಕೊಂಡು ನಾನು ಅವ್ವನ ಕೈ ಹಿಡಿದೆ. ಹಿಡಿದದ್ದು ಮಣಿಕಟ್ಟನ್ನು. ಎರಡು ಬೆರಳು ನಾಡಿಯ ಮೇಲಿದ್ದವು, ನನ್ನ ಕಣ್ಣು ಇನ್ನೊಂದು ಕೈಯ ಗಡಿಯಾರದ ಮೇಲಿತ್ತು. ಮಗಳು ತಾಯಿಯನ್ನು ಜೋಪಾನವಾಗಿ ಹತ್ತಿಸುತ್ತಿದ್ದಾಳೆ ಎಂದು ಜನ ದಾರಿಯನ್ನೂ ಬಿಟ್ಟರು.

ಐದಾರು ಮೆಟ್ಟಿಲು ಹತ್ತಿರಬೇಕು. ಅವ್ವ ನನ್ನ ಬೆರಳು ನೋಡಿದಳು. ಗಡಿಯಾರ ನೋಡಿದಳು. ಕೈ ಕೊಸರಿಕೊಂಡಳು. ಹತ್ತುವುದನ್ನು ಮಾತ್ರ ನಿಲ್ಲಿಸಲಿಲ್ಲ.

"ಗದ್ದಲದಾಗ ಅವ್ವ ಬಿದ್ದಾಳಂತ ಕೈ ಹಿಡದಾಳ ಮಗಳು ಅಂತ ನಾ ಮಾಡಿದ್ರ ನೀ ನಾಡಿ ಎಣಸಾಕ ಹತ್ತೀಯೇನ, ನಾ ನಿನ್ನ ಹಡದೀನೋ ನೀ ನನ್ನ ಹಡದೀಯೋ, ಮಲಗಿದ್ರ ಸೆರಗ ನ್ವಾಡತಿ, ಎದ್ದರ ಮಾರಿ ನ್ವಾಡತಿ, ರೊಟ್ಟಿ ಬಡದ್ರ ಅಂಚ ನ್ವಾಡತಿ, ಆ ಬಂಗಾರದಂಥ ಹುಡುಗಿಗೆ ಚಾಡಿ ಹೇಳಾಕ ಕಲಸೀದಿ, ನಿನ್ನ ಆಫೀಸಿಗೆ ಗುದ್ದಿಸ್ಕೊಂಡ ಬರೂ ಗಾಡಿ ಮಾಡೀಯೇನ ನನ್ನ, ನಿನಗ ಬಿ.ಕಾಂ. ಓದಸಿದ್ದು ಹಡದಾಕೀನ ಕಟಕಟಿಯೊಳಗ ನಿಂದ್ರಸಾಕೇನ, ಡಾಕ್ಟರ್ ಆರಾಮ ಅಂದ್ರ ಡಾಕ್ಟರ್ ಸುಳ್ಳ, ನಾ ಆರಾಮ ಅಂದ್ರ ನಾ ಸುಳ್ಳ, ಎಕ್ಕೊ ಮಿಷನ್ನೂ ಸುಳ್ಳ, ಹಂಗಾರ ಇಡೀ ಮುಂಬೈದಾಗ ನೀ ಒಬ್ಬಾಕೀನ ಖರೇ ಹುಟ್ಟೀದಿ, ನನ್ನ ಖೋಲಿ ಕೀಲಿ ಪರ್ಸಿನಾಗ ಇಟ್ಕೊಂಡ ತಿರಗತೀಯಲ್ಲ, ಆ ಖೋಲಿಯೊಳಗ ರೊಟ್ಟಿ ಬಡದ ನಿನ್ನ ಸಾಕೀನಿ, ನೀ ಯಾರ ಅದಕ ಬೀಗ ಹಾಕಾಕಿ..."

ಮೊದಲೆರಡು ಮಾತು ಕಿವಿಗೆ ಬಿದ್ದಾಗ ಉತ್ತರ ಕೊಡಬೇಕೆಂದಿದ್ದೆ. ಆಮೇಲೆ ನಾನು ಮಾತು ಕೇಳಿಸಿಕೊಳ್ಳುವುದನ್ನೇ ಬಿಟ್ಟೆ. ಮಾತಿನ ನಡುವೆ ಎಲ್ಲಿ ನಿಲ್ಲುತ್ತಾಳೆ ಎಂದು ಕಾಯುತ್ತಿದ್ದೆ. ನಿಲ್ಲಲಿಲ್ಲ. ಮೆಟ್ಟಿಲು ಏರುತ್ತಿತ್ತು, ಬೈಗುಳವೂ ಅದರ ಜೊತೆಗೇ ಏರುತ್ತಿತ್ತು. ಮುಂದಿದ್ದ ಗಂಡಸೊಬ್ಬ ತನಗೇ ಬೈಯುತ್ತಿದ್ದಾಳೆ ಎಂದುಕೊಂಡು ಪಕ್ಕಕ್ಕೆ ಸರಿದು ನಿಂತ.

ಆಗ ನನಗೆ ತಟ್ಟಿತು. ಅವ್ವ ಯಾರನ್ನಾದರೂ ಬೈದು ಮೂರು ನಾಲ್ಕು ವರ್ಷವಾಗಿತ್ತು. ಒಂದು ಕಾಲಕ್ಕೆ ಸಯನ್‌ನ ಆ ಚಾಳೆಲ್ಲ ಹೆದರುತ್ತಿದ್ದ ಬಾಯಿ ಅದು. ಹಾಲಿನವನು ನೀರು ಬೆರೆಸಿದರೂ ಸುಮ್ಮನೆ, ಗಿರಾಕಿ ತಂಗಳೆಂದು ಹೀಗಳೆದರೂ ಸುಮ್ಮನೆ, ನಾನು ಕೀಲಿ ಕಿತ್ತುಕೊಂಡಾಗಲೂ ಹೂಂ. ಅವ್ವ ಈಗ ಎಷ್ಟು ಮೆತ್ತಗಾಗಿದ್ದಾಳೆ, ವಯಸ್ಸು ಮನುಷ್ಯರನ್ನು ಹಣ್ಣು ಮಾಡುತ್ತದೆ ನೋಡಿ ಎಂದು ನಾನು ಲೋಕಲ್‌ನ ಗೆಳತಿಯರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಅವಳ ತಾಳ್ಮೆಯನ್ನು ನನ್ನ ಮಗಳಿಗೆ ಮಾದರಿಯಾಗಿಯೂ ತೋರಿಸಿದ್ದೆ. ತಾಳ್ಮೆ ಅಲ್ಲ, ಹಣ್ಣಾಗಿದ್ದೂ ಅಲ್ಲ. ಬೈಯುವುದಕ್ಕೆ ಅವಳ ಎದೆಯಲ್ಲಿ ಉಸಿರಿರಲಿಲ್ಲ. ಆಪರೇಷನ್ ಆದ ಮೇಲೂ ಕೆಲವು ದಿನ ಅದೇ ರೂಢಿಯಲ್ಲಿ ಸುಮ್ಮನಿದ್ದಳು, ಅಷ್ಟೆ.

ಸೇತುವೆಯ ಮೇಲೆ ತಲುಪಿ ಅವ್ವ ತಿರುಗಿ ನಿಂತಳು. ಕಣ್ಣು ಕೆಂಪಾಗಿತ್ತು, ತುಟಿ ನೀಲಿಯಾಗಿರಲಿಲ್ಲ.

"ಏನರ ಅನ್ನು," ಎಂದಳು.

ನಾನು ಪರ್ಸಿನಿಂದ ಕೀಲಿ ತೆಗೆದು ಅವಳ ಕೈಗಿಟ್ಟೆ. ಅವಳಿಗೆ ಇನ್ನೂ ಬೈಯುವುದಿತ್ತು ಎಂದು ಕಾಣುತ್ತದೆ, ಅದನ್ನು ಅಲ್ಲಿಗೇ ಬಿಟ್ಟಳು. ಕೀಲಿಯನ್ನು ಸೀರೆಯ ತುದಿಗೆ ಗಂಟು ಹಾಕಿಕೊಂಡು ಆಸ್ಪತ್ರೆಯ ಕಡೆ ನನಗಿಂತ ಮುಂದೆ ನಡೆದಳು. ಡಾಕ್ಟರು ಎಕೋ ನೋಡಿ, ಲೀಕೇಜ್ ಇದ್ದಷ್ಟೇ ಇದೆ, ಹೃದಯ ಚೆನ್ನಾಗಿ ಕೆಲಸ ಮಾಡುತ್ತಿದೆ, ಮಾತ್ರೆ ಬಿಡಬೇಡಿ, ಹಲ್ಲು ಕೀಳಿಸುವ ಮೊದಲು ನಮಗೆ ತಿಳಿಸಿ ಎಂದರು. ಹೇಗಿದ್ದೀರಿ ಎಂದು ಕೇಳಿದರು. ಅವ್ವ ನನ್ನ ಮುಖ ನೋಡಿಕೊಂಡೇ ಆರಾಮ ಎಂದಳು. ನನಗೆ ಕೇಳುವ ಪ್ರಶ್ನೆಗಳಿದ್ದವು. ಮುಂದಿನ ಸಲ ಕೇಳಿದರಾಯಿತು ಎಂದು ಬಿಟ್ಟೆ.

ಆ ಭಾನುವಾರ ಅವ್ವನನ್ನು ಸಯನ್‌ಗೆ ಬಿಟ್ಟುಬಂದೆ. ಮೊದಲ ಮಾಳಿಗೆಯಲ್ಲಿ ಒಬ್ಬಳು ಮಗುವನ್ನೆತ್ತಿಕೊಂಡು ಬಂದು ಮಾತಾಡಿಸಿದಳು. ಅವ್ವ ಆಮೇಲೆ ಬರತೀನಿ ಎಂದು ನಿಲ್ಲದೆ ಹೋದಳು.

ವಾರ ಕಳೆದಿರಲಿಲ್ಲ, ಆಫೀಸಿನಲ್ಲಿದ್ದಾಗ ಗಿರಿಜಕ್ಕನ ಫೋನು ಬಂತು. ಪರದೆಯ ಮೇಲೆ ಅವರ ಹೆಸರು ನೋಡಿದ್ದೇ ಕೈಯಲ್ಲಿದ್ದ ಫೈಲು ಮುಚ್ಚಿದೆ. ಎದುರಿಗೆ ಕ್ಲೇಮಿಗೆ ಬಂದವನು ಕೂತಿದ್ದ, ಅವನನ್ನು ಬಿಟ್ಟು ಎದ್ದು ಹೊರಗೆ ಓಡಿದೆ.

"ನಿನ್ನ ಅಮ್ಮನಿಗೆ ಸ್ವಲ್ಪ ಹೇಳು ಕಸ್ತೂರಿ," ಎಂದರು ಗಿರಿಜಕ್ಕ. ಹೊಸದಾಗಿ ಬಂದ ಬಾಡಿಗೆಯವನು ಗ್ಯಾಲರಿಯಲ್ಲಿ ಅವ್ವ ಬಟ್ಟೆ ಒಣಗಿಸುವ ಹಗ್ಗದ ಮೇಲೆ ತನ್ನ ಪ್ಯಾಂಟು ಹಾಕಿದ್ದನಂತೆ. "ಏನು ಬಾಯಿ ಮಾರಾಯ್ತಿ. ಮೊದ್ಲು ಎಷ್ಟು ಪಾಪ ಇದ್ರು."

ನಡುವೆ ಎಲ್ಲಿಯಾದರೂ ನಿಂತು ಉಸಿರು ಎಳೆದುಕೊಂಡಳಾ ಎಂದು ಕೇಳಿದೆ.

"ಎಲ್ಲಿ ನಿಲ್ಲೂದು? ಅವ ಒಂದು ಮಾತು ಹೇಳ್ಲಿಕ್ಕೆ ಬಾಯಿ ತೆಗ್ದವ ಹಾಗೇ ನಿಂತಿದ್ದಾನೆ."

ಭಾನುವಾರ ಬಂದು ಬುದ್ಧಿ ಹೇಳುತ್ತೇನೆ ಎಂದೆ. ಹೇಳುವ ಉದ್ದೇಶ ನನಗಿರಲಿಲ್ಲ. ಅಷ್ಟರಲ್ಲಿ ಒಂದು ಅನುಮಾನ ಬಂತು. ಹಿಂದೆ ಅವ್ವನ ಮಾತು ಕೇಳಿ ನನ್ನಿಂದ ಎಲ್ಲ ಮುಚ್ಚಿಟ್ಟಿದ್ದವರು ಇದೇ ಗಿರಿಜಕ್ಕ. ಹೀಗೊಂದು ಫೋನು ಮಾಡಿ ಮಗಳಿಗೆ ಸಮಾಧಾನವಾಗುತ್ತದೆ ಎಂದು ಅವ್ವನೇ ಹೇಳಿಕೊಟ್ಟು ಪಕ್ಕದಲ್ಲಿ ಕೂತಿದ್ದರೆ? ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಗಿರಿಜಕ್ಕನ ಮಾತಿನ ಹಿಂದೆ, ದೂರದಲ್ಲಿ, ಗ್ಯಾಲರಿಯ ಆ ತುದಿಯಿಂದ, ಅವ್ವ ಆ ಪ್ಯಾಂಟಿನವನ ಊರು ಯಾವುದೆಂದು ಅದೇ ಏರುದನಿಯಲ್ಲಿ ಇನ್ನೂ ವಿಚಾರಿಸುತ್ತಲೇ ಇದ್ದಳು.